ಭಾನುವಾರದ ಕಛೇರಿಯ ಕೊನೆಯ ಹಾಡು



ಶನಿವಾರ ಬೆಳಿಗ್ಗೆ ಬಿಡುವಿದ್ದರೆ ಮೈಲಾಪುರದ ಮಾಡ ಬೀದಿಗಳ ಹಿಂದಿನ ಸಂದಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಯಾವುದೋ ಮನೆಯ ಮಹಡಿಯಿಂದ ಶ್ರುತಿಪೆಟ್ಟಿಗೆಯ ಸದ್ದು ಕೇಳುತ್ತದೆ. ಅದರ ಜೊತೆ ಐದಾರು ಮಕ್ಕಳು ಮಲಹರಿ ರಾಗದಲ್ಲಿ ಗಣಪತಿಯ ಮೇಲಿನ ಪಿಳ್ಳಾರಿ ಗೀತೆ ಹೇಳುತ್ತಿರುತ್ತವೆ. ಮಕ್ಕಳ ಮನೆಮಾತು ತಮಿಳು, ಪಾಠ ಹೇಳುವ ಮಾಮಿಯ ಮನೆಮಾತೂ ತಮಿಳು. ಆದರೆ ಬಾಯಲ್ಲಿರುವುದು ನಮ್ಮ ಪುರಂದರದಾಸರ ಗೀತೆ. ಸರಳೆ, ಜಂಟಿ, ಅಲಂಕಾರ, ಗೀತೆ ಎಂಬ ಈ ಪಾಠದ ಮೆಟ್ಟಿಲುಗಳನ್ನು ಕಟ್ಟಿಕೊಟ್ಟವರು ದಾಸರೇ ಎಂಬ ನಂಬಿಕೆಯಿಂದ ಅವರನ್ನು ಕರ್ನಾಟಕ ಸಂಗೀತದ ಪಿತಾಮಹ ಎನ್ನುತ್ತಾರೆ.

ಇನ್ನು ಭಾನುವಾರ ಸಂಜೆ ಯಾವುದಾದರೂ ಸಭಾಕ್ಕೆ ಹೋಗಿ ಕುಳಿತುಕೊಳ್ಳಿ. ವರ್ಣ, ತೆಲುಗಿನ ತ್ಯಾಗರಾಜರು, ಸಂಸ್ಕೃತದ ದೀಕ್ಷಿತರು, ದೊಡ್ಡ ರಾಗ, ತನಿ ಆವರ್ತನ ಎಲ್ಲ ಮುಗಿಯುತ್ತವೆ. ಮೃದಂಗದ ಕೊನೆಯ ಮುಕ್ತಾಯಕ್ಕೆ ಚಪ್ಪಾಳೆ ಬಿದ್ದ ಕೂಡಲೇ ಅರ್ಧ ಸಭೆ ಎದ್ದು ಚಪ್ಪಲಿ ಹುಡುಕಲು ಹೊರಡುತ್ತದೆ. ಆಗ ಗಾಯಕರು ಶ್ರುತಿ ಸರಿಮಾಡಿಕೊಂಡು ಒಂದು ದೇವರನಾಮ ಎತ್ತಿಕೊಳ್ಳುತ್ತಾರೆ. ಈ ಊರಿನ ಸಂಗೀತದಲ್ಲಿ ಕನ್ನಡ ಪಾಠದ ಮೊದಲಲ್ಲಿದೆ, ಕಛೇರಿಯ ಕೊನೆಯಲ್ಲಿದೆ. ನಡುವಿನಲ್ಲಿ ಏಕಿಲ್ಲ ಎಂಬುದಕ್ಕೆ ಒಂದು ಚರಿತ್ರೆ ಇದೆ.

ಮೊದಲು ಈ ಶನಿವಾರ, ಭಾನುವಾರದ ಮಾತು. ಹಿಂದೆ ಹಾಡು, ಕುಣಿತ, ಆಟಗಳೆಲ್ಲ ನಡೆಯುತ್ತಿದ್ದುದು ಪಂಚಾಂಗ ನೋಡಿ. ದೇವಸ್ಥಾನದ ಉತ್ಸವ, ಸಾಹುಕಾರರ ಮನೆಯ ಮದುವೆ, ಅರಮನೆಯ ದಸರಾ. ಕೇಳುವವರು ದುಡ್ಡು ಕೊಡಬೇಕಾಗಿರಲಿಲ್ಲ, ಕೊಡುವ ಧಣಿ ಬೇರೆ ಇರುತ್ತಿದ್ದ. ಮದರಾಸಿನಲ್ಲಿ ಇಂಗ್ಲಿಷರ ಕಚೇರಿ, ಕೋರ್ಟು, ಕಾಲೇಜುಗಳು ಬೆಳೆದ ಮೇಲೆ ಹೊಸ ಬಗೆಯ ರಸಿಕ ಹುಟ್ಟಿದ. ಗುಮಾಸ್ತ, ವಕೀಲ, ಮೇಷ್ಟ್ರು. ಇವರಿಗೆ ಪಂಚಾಂಗಕ್ಕಿಂತ ರಜೆಯ ದಿನ ಮುಖ್ಯ. ತಾವೇ ಸೇರಿ ಚಂದಾ ಹಾಕಿ, ಟಿಕೇಟು ಮಾರಿ, ವಿದ್ವಾಂಸರನ್ನು ಕರೆಸುವ ಸಭಾ ಎಂಬ ಏರ್ಪಾಡು ಹೀಗೆ ಬಂತು.

ಇದರಲ್ಲಿ ಬಳ್ಳಾರಿಯ ಪಾಲು ಒಂದಿದೆ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1891ರಲ್ಲಿ ಬಳ್ಳಾರಿಯ ವಕೀಲ ಧರ್ಮವರಂ ರಾಮಕೃಷ್ಣಮಾಚಾರ್ಯರು ತಮ್ಮ ಸರಸ ವಿನೋದಿನೀ ಸಭೆಯ ತಂಡದೊಂದಿಗೆ ಮದರಾಸಿಗೆ ಬಂದು ನಾಟಕ ಆಡಿದರು. ಆಡಿದ್ದು ತೆಲುಗಿನಲ್ಲಿ. ಓದಿದ ಗೃಹಸ್ಥರು ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತಿದ್ದನ್ನು ಕಂಡು ಪಮ್ಮಲ್ ಸಂಬಂಧ ಮುದಲಿಯಾರ್ ಎಂಬ ಕಾಲೇಜು ಹುಡುಗ ಬೆರಗಾದ. ನಾಟಕದವರೆಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಅದೇ ವರ್ಷ ಆತ ಗೆಳೆಯರ ಜೊತೆ ಸೇರಿ ಸುಗುಣ ವಿಲಾಸ ಸಭಾ ಸ್ಥಾಪಿಸಿದ. ಹಗಲು ಉದ್ಯೋಗ, ಬಿಡುವಿನಲ್ಲಿ ಕಲೆ ಎಂಬ ಪದ್ಧತಿಗೆ ಈ ಊರಿನಲ್ಲಿ ಅದು ದೊಡ್ಡ ಮೇಲ್ಪಂಕ್ತಿಯಾಯಿತು. ಮುದಲಿಯಾರರು ಮುಂದೆ ನ್ಯಾಯಾಧೀಶರಾಗಿಯೂ ನಾಟಕ ಬಿಡಲಿಲ್ಲ.

1895ರಲ್ಲಿ ಮದರಾಸಿಗೆ ವಿದ್ಯುತ್ ಟ್ರಾಮು ಬಂತು. ಜಾರ್ಜ್ ಟೌನ್, ತಿರುವಲ್ಲಿಕ್ಕೇಣಿ, ಮೈಲಾಪುರಗಳಲ್ಲಿ ಒಂದರ ಹಿಂದೆ ಒಂದು ಸಭಾಗಳು ಎದ್ದವು. ಮೊದಮೊದಲು ಅಲ್ಲಿ ಜನ ಮುಗಿಬೀಳುತ್ತಿದ್ದುದು ಹರಿಕಥೆಗೆ. ತಂಜಾವೂರು ಕೃಷ್ಣ ಭಾಗವತರು ಬೆಳೆಸಿದ ಆ ಕಥಾಕಾಲಕ್ಷೇಪದಲ್ಲಿ ಭಾಷೆಗೆ ಮಡಿಮೈಲಿಗೆ ಇರಲಿಲ್ಲ. ಮರಾಠಿಯ ಸಾಕಿ, ದಿಂಡಿಗಳ ಪಕ್ಕದಲ್ಲಿ ನಮ್ಮ ದಾಸರ ಪದಕ್ಕೂ ಜಾಗವಿತ್ತು.

ಸಭಾಗಳ ಗದ್ದಲದಿಂದ ದೂರ ಉಳಿದದ್ದು ಜಾರ್ಜ್ ಟೌನಿನ ಒಂದು ಮನೆ. ವೀಣೆ ಧನಮ್ಮಾಳ್ (1867–1938) ಪ್ರತಿ ಶುಕ್ರವಾರ ಸಂಜೆ ಅಲ್ಲಿ ವೀಣೆ ನುಡಿಸುತ್ತಿದ್ದರು. ಟಿಕೇಟಿಲ್ಲ, ಮೈಕಿಲ್ಲ. ದೊಡ್ಡ ದೊಡ್ಡ ವಿದ್ವಾಂಸರೂ ಬಂದು ನೆಲದ ಮೇಲೆ ಕುಳಿತು ಕೇಳಿ ಹೋಗುತ್ತಿದ್ದರು. ಸದ್ದು ಮಾಡುವಂತಿರಲಿಲ್ಲ. ಕಣ್ಣು ಕಾಣದಾದ ಮೇಲೂ ಆ ಶುಕ್ರವಾರಗಳು ನಡೆದವು. ಈ ಮನೆಯ ಹೆಸರು ನೆನಪಿರಲಿ, ಮತ್ತೆ ಬರಬೇಕಾಗಿದೆ.

1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು, ಅದರ ಜೊತೆಗೇ ಒಂದು ಸಂಗೀತ ಸಮ್ಮೇಳನವೂ ನಡೆಯಿತು. ಅದರ ಫಲವಾಗಿ 1928ರ ಆಗಸ್ಟ್ 18ರಂದು ಮ್ಯೂಸಿಕ್ ಅಕಾಡೆಮಿ ಉದ್ಘಾಟನೆಯಾಯಿತು. ನಾವು ಧನುರ್ಮಾಸ ಎನ್ನುವ ಮಾರ್ಗಳಿಯ ಪಾವಿತ್ರ್ಯದಿಂದಲೇ ಡಿಸೆಂಬರ್ ಸೀಸನ್ ಹುಟ್ಟಿತು ಎಂದು ಹಲವರು ಭಕ್ತಿಯಿಂದ ಹೇಳುತ್ತಾರೆ. ನನ್ನ ಮಟ್ಟಿಗೆ, ಕೋರ್ಟುಗಳಿಗೆ ಕ್ರಿಸ್‌ಮಸ್ ರಜೆ ಇದ್ದದ್ದೂ ಅಷ್ಟೇ ಮುಖ್ಯ ಕಾರಣ. ವಕೀಲರಿಗೆ ಬಿಡುವಿಲ್ಲದೆ ಆ ಕಾಲದಲ್ಲಿ ಕಾಂಗ್ರೆಸ್ಸೂ ಇಲ್ಲ, ಸಂಗೀತವೂ ಇಲ್ಲ.

ಸರಿಸುಮಾರು ಇದೇ ಕಾಲದಲ್ಲಿ ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967) ಕಛೇರಿಯ ಪದ್ಧತಿಯನ್ನೇ ತಿದ್ದಿ ಕಟ್ಟಿದರು. ವರ್ಣದಿಂದ ಆರಂಭ, ಮಧ್ಯಮ ಕಾಲದ ಕೃತಿಗಳು, ವಿಸ್ತಾರದ ರಾಗ ಮತ್ತು ಪಲ್ಲವಿ, ಆಮೇಲೆ ಹಗುರವಾದ ಸಣ್ಣ ಹಾಡುಗಳು. ಈ ಸಣ್ಣ ಹಾಡುಗಳಿಗೆ ತುಕಡಾ ಎಂಬ ಹೆಸರು ಬಿತ್ತು. ತುಕಡಾ ಎಂದರೆ ತುಂಡು. ಜಾವಳಿ, ತಿಲ್ಲಾನ, ತಮಿಳು ಹಾಡು, ದೇವರನಾಮ ಎಲ್ಲ ಈ ತುಂಡುಗಳ ಸಾಲಿಗೆ ಸೇರಿದವು. ಇಂದಿಗೂ ಕಛೇರಿಗಳು ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿ ನಡೆಯುತ್ತವೆ.

ತಮಿಳು ಹಾಡುಗಳಿಗೆ ಈ ಜಾಗ ಸಿಕ್ಕಿದ್ದನ್ನು ತಮಿಳರು ಸುಮ್ಮನೆ ಒಪ್ಪಲಿಲ್ಲ. ತಮಿಳುನಾಡಿನಲ್ಲಿ ತಮಿಳಿಗೆ ಕೊನೆಯ ಚೂರೇ ಎಂದು ಕೇಳಿದರು. 1941ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ನಿರ್ಣಯವಾಯಿತು, ರಾಜಾ ಅಣ್ಣಾಮಲೈ ಚೆಟ್ಟಿಯಾರರು ಬೆನ್ನಿಗೆ ನಿಂತರು, ಕಲ್ಕಿ ಕೃಷ್ಣಮೂರ್ತಿ ಪತ್ರಿಕೆಯಲ್ಲಿ ಬರೆದರು, 1943ರಲ್ಲಿ ತಮಿಳ್ ಇಸೈ ಸಂಘ ಹುಟ್ಟಿತು. ಸಂಗೀತಕ್ಕೆ ಭಾಷೆಯ ಗೋಡೆ ಬೇಡ ಎಂದು ಅಕಾಡೆಮಿಯ ಕಡೆಯವರು ವಾದಿಸಿದರು. ಜಗಳ ಜೋರಾಗಿಯೇ ನಡೆಯಿತು. ಆ ಜಗಳದಲ್ಲಿ ಕನ್ನಡದ ಹೆಸರು ಎತ್ತಿದವರು ಬಹಳ ಕಡಿಮೆ. ತಮಿಳರಿಗೆ ಅವಮಾನವೆನಿಸಿದ ಜಾಗದಲ್ಲಿ ನಾವು ತಕರಾರಿಲ್ಲದೆ ಕುಳಿತೆವು.

ಆಗ ನಾವು ಇಲ್ಲಿ ಪರವೂರಿನವರೇನೂ ಆಗಿರಲಿಲ್ಲ. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿ ಮೈಸೂರಿಗೆ ಹೋದದ್ದು 1953ರಲ್ಲಿ, ಕಾಸರಗೋಡು ಬಿಟ್ಟು ಉಳಿದ ದಕ್ಷಿಣ ಕನ್ನಡ ಹೋದದ್ದು 1956ರಲ್ಲಿ. ಅಲ್ಲಿಯವರೆಗೆ ಮಂಗಳೂರಿನವರಿಗೂ ಮದರಾಸೇ ರಾಜಧಾನಿ. ಊಟದ ವಿಷಯದಲ್ಲಿ ಮಾತ್ರ ನಮ್ಮವರು ಕೊನೆಯ ಸಾಲಿನಲ್ಲಿ ಕುಳಿತವರಲ್ಲ. ಉಡುಪಿ ಸೀಮೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಮೇಲೆ ಕಛೇರಿ ಕೇಳಿ ಬಂದವರಿಗೆ ದೋಸೆ, ಕಾಫಿ ಎಲ್ಲಿ ಎಂದು ಕೇಳುವ ಪ್ರಮೇಯ ಬರಲಿಲ್ಲ!

ಹಾಗಾದರೆ ಕನ್ನಡ ನಾಡಿನ ವಿದ್ವಾಂಸರು ಏನು ಮಾಡಿದರು? ಬಂದರು, ಗೆದ್ದರು, ಗೌರವ ಪಡೆದರು. ಮೈಸೂರು ವಾಸುದೇವಾಚಾರ್ಯರು 1935ರಲ್ಲಿ ಅಕಾಡೆಮಿಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪಿಟೀಲು ಚೌಡಯ್ಯನವರು 1957ರಲ್ಲಿ, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು 1984ರಲ್ಲಿ ಸಂಗೀತ ಕಲಾನಿಧಿಗಳಾದರು. ಆದರೆ ಒಂದು ತಮಾಷೆ ನೋಡಿ. ಪಿಟೀಲಿಗೂ ವೀಣೆಗೂ ಭಾಷೆಯಿಲ್ಲ. ವಾಸುದೇವಾಚಾರ್ಯರು ತಿರುವೈಯಾರಿನಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರಾಗಿ ಕಲಿತವರು. ಅವರ ಕೃತಿಗಳು ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ. ಮುಪ್ಪಿನಲ್ಲಿ ರುಕ್ಮಿಣಿ ದೇವಿಯವರ ಕರೆಗೆ ಓಗೊಟ್ಟು ಅಡ್ಯಾರಿನ ಕಲಾಕ್ಷೇತ್ರಕ್ಕೆ ಬಂದು, ತೊಂಬತ್ತರ ಆಸುಪಾಸಿನಲ್ಲಿ ರಾಮಾಯಣದ ನೃತ್ಯನಾಟಕಗಳಿಗೆ ರಾಗ ಹಾಕಿದರು. 1961ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದ ಕೆಲಸವನ್ನು ಮೊಮ್ಮಗ ರಾಜಾರಾಮ್ ಪೂರೈಸಿದರು. ಆಚಾರ್ಯರು ಕನ್ನಡವನ್ನು ಬಳಸಿದ್ದು ನೆನಪುಗಳನ್ನು ಬರೆಯುವುದಕ್ಕೆ. 'ನಾ ಕಂಡ ಕಲಾವಿದರು' ಓದದವರು ದಯವಿಟ್ಟು ಓದಬೇಕು, ಅಷ್ಟು ರುಚಿಯಾದ ಗದ್ಯ.

ಕನ್ನಡದ ಹಾಡನ್ನು ಮದರಾಸಿನ ವೇದಿಕೆಗೆ ಹೊತ್ತು ತಂದವರಲ್ಲಿ ಕನ್ನಡಿಗರೂ ಇದ್ದರು. ಬಾಣಾವರದ ಬಿ.ಎಸ್. ರಾಜ ಅಯ್ಯಂಗಾರ್ಯರ ಗ್ರಾಮಫೋನ್ ತಟ್ಟೆಯಿಂದ ಪುರಂದರದಾಸರ 'ಜಗದೋದ್ಧಾರನ' ಕಾಪಿ ರಾಗದಲ್ಲಿ ಮನೆ ಮನೆಗೂ ಹೋಯಿತು. ಮುಂದೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಂಠದಲ್ಲಿ ಅದು ದೇಶವನ್ನೆಲ್ಲ ಸುತ್ತಿತು. ಆದರೆ ಈ ಕೆಲಸದ ದೊಡ್ಡ ಭಾರ ಹೊತ್ತವರು ತಮಿಳು ಮನೆಗಳ ಹೆಂಗಸರು ಎಂದೇ ನನಗೆ ಕಾಣುವುದು.

ಲಲಿತಾಂಗಿ ಎಂಬ ಗಾಯಕಿಯ ಹೆಸರನ್ನು ಇಂದು ಎಷ್ಟು ಜನ ಕೇಳಿದ್ದೀರಿ? ಆಕೆ ನರಸಿಂಹದಾಸರೆಂಬ ಹರಿದಾಸರಿಂದ ಪುರಂದರದಾಸರ ಪದಗಳನ್ನು ರಾಶಿ ರಾಶಿಯಾಗಿ ಕಲಿತರು. ಕಲಿತದ್ದನ್ನು ಕಟ್ಟಿಟ್ಟುಕೊಳ್ಳದೆ 1941ರಲ್ಲಿ 'ಪುರಂದರ ಮಣಿಮಾಲೆ' ಎಂದು ಪುಸ್ತಕ ಮಾಡಿ ಹೊರತಂದರು. ತಮಿಳ್ ಇಸೈ ಗದ್ದಲ ಶುರುವಾದ ವರ್ಷವೇ ಅದು. ಮಗಳಿಗೂ ಕಲಿಸಿದರು. ಆ ಮಗಳೇ ಎಂ.ಎಲ್. ವಸಂತಕುಮಾರಿ (1928–1990), ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರ ಶಿಷ್ಯೆ, 1977ರ ಸಂಗೀತ ಕಲಾನಿಧಿ. ಎಂಎಲ್‌ವಿ ಕಛೇರಿ ಎಂದರೆ ದೇವರನಾಮ ಇದ್ದೇ ಇರುತ್ತದೆ ಎಂದು ಜನ ಕಾದು ಕೂರುವಂತಾಯಿತು. ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಜನರನ್ನು ಕೂರಿಸುವುದು ಸಣ್ಣ ಸಾಧನೆಯಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ದಾಸರ ಪದಗಳ ಮಾತು ನಮಗೆ ಉಳಿದು ಬಂದಿದೆ, ಮೂಲದ ಮಟ್ಟುಗಳು ಬಹುತೇಕ ಕಳೆದುಹೋಗಿವೆ. ಈಗ ಕೇಳುವ ಹೆಚ್ಚಿನ ಧಾಟಿಗಳು ಇಪ್ಪತ್ತನೆಯ ಶತಮಾನದ ಗಾಯಕರು ಕೂಡಿಸಿದವು. ಅಂದರೆ ನಮ್ಮಜ್ಜಿ ಹೇಳುತ್ತಿದ್ದ ಹಾಡು ಎಂದು ನಾವು ಕಣ್ಣು ಒದ್ದೆ ಮಾಡಿಕೊಳ್ಳುವ ಎಷ್ಟೋ ಧಾಟಿಗಳಿಗೆ ನೂರು ವರ್ಷವೂ ತುಂಬಿಲ್ಲ. ಇನ್ನು ಉಚ್ಚಾರದ ತೊಂದರೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಅದಕ್ಕಾಗಿ ಸಂಗೀತದ ಪುಸ್ತಕಗಳಲ್ಲಿ ಅಕ್ಷರದ ತಲೆಯ ಮೇಲೆ 2, 3, 4 ಎಂದು ಸಣ್ಣ ಅಂಕಿ ಹಾಕುತ್ತಾರೆ. ಆ ಅಂಕಿಗಳನ್ನು ನೋಡಿ ನೋಡಿ ಕನ್ನಡ ಕಲಿತವರು ಇವರು. ನಮ್ಮಲ್ಲಿ ಕೆಲವರು ತಪ್ಪು ಉಚ್ಚಾರ ಕೇಳಿ ನಗುವುದನ್ನು ನೋಡಿದ್ದೇನೆ. ನಗುವವರ ಮನೆಯ ಮಕ್ಕಳಿಗೆ ಎಷ್ಟು ದೇವರನಾಮ ಬರುತ್ತದೆ ಎಂದು ಕೇಳುವ ಆಸೆಯಾಗುತ್ತದೆ, ಕೇಳಿಲ್ಲ.

ಕೊನೆಯ ಜಾಗ ಅವಮಾನವೇ? ನನಗೆ ಪೂರ್ತಿ ಹಾಗೆನ್ನಿಸುವುದಿಲ್ಲ. ದಾಸರ ಪದದಲ್ಲಿ ಮಾತು ಮುಂದೆ, ರಾಗ ಹಿಂದೆ. ಇಪ್ಪತ್ತು ನಿಮಿಷ ಆಲಾಪನೆ ಮಾಡಿ ಅದರ ಮೇಲೆ ಸ್ವರ ಸುರಿದರೆ ಮಾತು ಮುಳುಗುತ್ತದೆ. ಆದರೂ ತುಂಡು ಎಂದುಕೊಂಡು ಹಾಡುವುದಕ್ಕೂ ಹಾಡು ಎಂದುಕೊಂಡು ಹಾಡುವುದಕ್ಕೂ ವ್ಯತ್ಯಾಸವಿದೆ. ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ (1920–2014) ದಾಸರ ಪದಗಳನ್ನು ಕೃತಿಗಳ ಗಾಂಭೀರ್ಯದಲ್ಲೇ, ಒಂದಕ್ಷರ ಮುಕ್ಕಾಗದಂತೆ ಹಾಡಿದವರು. 1995ರಲ್ಲಿ ಅವರು ಸಂಗೀತ ಕಲಾನಿಧಿಯಾದರು. ಬಾಯಿಬಿಟ್ಟು ಕನ್ನಡ ಹಾಡುವ ನಮ್ಮ ಗಾಯಕರೊಬ್ಬರಿಗೆ ಆ ಗೌರವ ಬರುವ ಹೊತ್ತಿಗೆ ಅಕಾಡೆಮಿಗೆ 67 ವರ್ಷ ತುಂಬಿತ್ತು.

ಈಗ ಧನಮ್ಮಾಳ್ ಮನೆಗೆ ಮತ್ತೆ ಹೋಗೋಣ. ಅವರ ಮಗಳು ಜಯಮ್ಮಾಳ್, ಜಯಮ್ಮಾಳರ ಮಗಳು ಬಾಲಸರಸ್ವತಿ (1918–1984). ದೇವದಾಸಿ ಮನೆತನ. ಕುಣಿತವೆಂದರೆ ಮರ್ಯಾದಸ್ಥರಿಗಲ್ಲ ಎಂದು ಮದರಾಸು ಮುಖ ಸಿಂಡರಿಸುತ್ತಿದ್ದ ಕಾಲದಲ್ಲಿ ಆ ಹುಡುಗಿ ಏಳನೆಯ ವಯಸ್ಸಿಗೇ ಕಾಂಚೀಪುರದಲ್ಲಿ ರಂಗಪ್ರವೇಶ ಮಾಡಿದಳು. 1933ರಲ್ಲಿ ಮ್ಯೂಸಿಕ್ ಅಕಾಡೆಮಿಯಲ್ಲಿ ನರ್ತಿಸಿದಳು. ತಾಯಿ ಹಿಂದೆ ಕುಳಿತು ಹಾಡುವುದು, ಮಗಳು ಮುಂದೆ ಅಭಿನಯಿಸುವುದು. ತೆಲುಗಿನ ಕ್ಷೇತ್ರಯ್ಯನ ಪದಗಳು ಆ ಮನೆಯ ಆಸ್ತಿ. ಆದರೆ ಆಕೆಯ ಹೆಸರಿಗೆ ಅಂಟಿಕೊಂಡು ಉಳಿದದ್ದು ಒಂದು ಕನ್ನಡ ಹಾಡು. ಯಮುನಾ ಕಲ್ಯಾಣಿಯ 'ಕೃಷ್ಣಾ ನೀ ಬೇಗನೆ ಬಾರೋ', ಪುರಂದರದಾಸರ ಗುರುಗಳಾದ ವ್ಯಾಸರಾಯರ ರಚನೆ. ಮೈಸೂರಿನ ಬಳಿಯ ಬನ್ನೂರಿನಲ್ಲಿ ಹುಟ್ಟಿ ವಿಜಯನಗರದಲ್ಲಿ ಬಾಳಿದ ಯತಿಗಳೊಬ್ಬರ ಮಾತನ್ನು ಜಾರ್ಜ್ ಟೌನಿನ ಹೆಣ್ಣುಮಗಳೊಬ್ಬಳು ಸಭಾಗಳಲ್ಲಿ ಅಭಿನಯಿಸಿದಳು, 1962ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಅಲ್ಲಿಯೂ ಅಭಿನಯಿಸಿದಳು. ತಾಯಿ ಮಗುವನ್ನು ಕರೆಯುವ ಅದೇ ಒಂದು ಕರೆ, ಪ್ರತಿ ಸಲ ಬೇರೆ ಬೇರೆ ಬಗೆಯಲ್ಲಿ. ಕನ್ನಡ ಬಾರದ ಪ್ರೇಕ್ಷಕರೂ ಮಗು ಎಲ್ಲಿ ಎಂದು ರಂಗದ ಅಂಚಿನ ಕಡೆ ನೋಡಬೇಕು, ಅಂಥ ಅಭಿನಯ.

1976ರಲ್ಲಿ ಸತ್ಯಜಿತ್ ರಾಯ್ 'ಬಾಲಾ' ಎಂಬ ಸಾಕ್ಷ್ಯಚಿತ್ರ ತೆಗೆದರು. ಆ ಹೊತ್ತಿಗೆ ಆಕೆಗೆ ಐವತ್ತೆಂಟರ ಸಮೀಪ, ಮೈ ಸ್ಥೂಲವಾಗಿದೆ. ರಾಯ್ ಅವರು ಸಭಾಂಗಣ ಬಿಟ್ಟು ಆಕೆಯನ್ನು ಕಡಲ ದಂಡೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದಾರೆ. ಹಿಂದೆ ಬಂಗಾಳ ಕೊಲ್ಲಿಯ ಅಲೆ, ಮುಂದೆ ಬಂಗಾಳಿಯ ಕ್ಯಾಮೆರಾ, ತಮಿಳು ಹೆಂಗಸು, ಕನ್ನಡದ ಹಾಡು. ಚಿತ್ರ ಅರ್ಧ ಗಂಟೆಗಿಂತ ತುಸು ಹೆಚ್ಚಿದೆ, ಅಷ್ಟೆ. ಸಿಕ್ಕರೆ ಒಂದು ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಿ, ಆ ಹಾಡು ಮುಗಿಯುವವರೆಗೆ ಯಾರನ್ನೂ ಏಳಗೊಡಬೇಡಿ.