ಬೇವಿನೆಲೆ ಕೊಟ್ಟು ರತ್ನ ತಂದವನ ಕಥೆ: ಜೈನ ಕಥಾಸಾಹಿತ್ಯದಲ್ಲಿ ವಾಣಿಜ್ಯ ಮತ್ತು ಕಥನ

ಸರಕಿನ ಜೊತೆಗೆ ಒಂದು ಕಥೆಯನ್ನೂ ಕೊಟ್ಟರೆ ಕೊಳ್ಳುವವನ ಮನಸ್ಸು ಬೇಗ ಒಲಿಯುತ್ತದೆ ಎಂಬುದನ್ನು ಇಂದಿನ ವಾಣಿಜ್ಯಶಿಕ್ಷಣದಲ್ಲಿ ಹೊಸ ತತ್ತ್ವವೆಂಬಂತೆ ಬೋಧಿಸಲಾಗುತ್ತಿದೆ. ಮಾರ್ಕೆಟಿಂಗ್ ಕುರಿತ ಪುಸ್ತಕಗಳಲ್ಲಿ ಇದಕ್ಕೆಂದೇ ಅಧ್ಯಾಯಗಳು ಮೀಸಲಾಗಿವೆ. ಆದರೆ ವಾಣಿಜ್ಯಕ್ಕೂ ಕಥನಕ್ಕೂ ಇರುವ ಈ ನಂಟನ್ನು ಗುರುತಿಸಿ, ಅದಕ್ಕೊಂದು ಹೆಸರಿಟ್ಟು, ಅದರ ಬಲವನ್ನೂ ಅಪಾಯವನ್ನೂ ಒಟ್ಟಿಗೆ ತೂಗಿ ನೋಡಿದ ಪರಂಪರೆಯೊಂದು ನಮ್ಮಲ್ಲಿ ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ಇತ್ತು. ಜೈನ ಕಥಾಸಾಹಿತ್ಯವೇ ಆ ಪರಂಪರೆ. ಪ್ರಾಕೃತದ ಒಂದು ಮಹಾಕೃತಿಯಲ್ಲಿ ಬರುವ ವರ್ತಕರ ಸಭೆಯೊಂದನ್ನು ಕೇಂದ್ರವಾಗಿಟ್ಟುಕೊಂಡು ಈ ವಿಚಾರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೈನಾಚಾರ್ಯರು ಕಥೆಗಳನ್ನು ಅರ್ಥಕಥೆ, ಕಾಮಕಥೆ, ಧರ್ಮಕಥೆ ಮತ್ತು ಇವು ಬೆರೆತ ಸಂಕೀರ್ಣಕಥೆ ಎಂದು ವಿಂಗಡಿಸಿದ್ದಾರೆ. ದಶವೈಕಾಲಿಕದ ನಿರ್ಯುಕ್ತಿಯಲ್ಲಿ ಕಾಣುವ ಈ ವಿಭಾಗವನ್ನು 8ನೆಯ ಶತಮಾನದ ಹರಿಭದ್ರಸೂರಿಯು ತನ್ನ ‘ಸಮರಾಇಚ್ಚಕಹಾ’ದ ಆರಂಭದಲ್ಲಿ ವಿವರಿಸುತ್ತಾನೆ. ಸಂಪತ್ತಿನ ಗಳಿಕೆಯನ್ನು ವಸ್ತುವಾಗಿ ಉಳ್ಳದ್ದು ಅರ್ಥಕಥೆ. ವಿದ್ಯೆ, ಶಿಲ್ಪ, ಉಪಾಯ, ವಾಣಿಜ್ಯ ಮುಂತಾದ ಗಳಿಕೆಯ ದಾರಿಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಅರ್ಥಕಥೆ ಎಂಬ ಪ್ರಕಾರವೊಂದು ಉಂಟೆಂದು ಒಪ್ಪಿಕೊಂಡದ್ದೇ ಇಲ್ಲಿ ಮುಖ್ಯವಾದ ಸಂಗತಿ. ಸರ್ವಸಂಗಪರಿತ್ಯಾಗಿಗಳಾದ ಮುನಿಗಳು ಹಣದ ಕಥೆಗೆ ಲಕ್ಷಣ ಹೇಳಲು ಹೊರಟದ್ದೇಕೆ? ಅವರ ಶ್ರೋತೃಗಳಲ್ಲಿ ಬಹುಮಂದಿ ವರ್ತಕರಾಗಿದ್ದರು. ಅವರ ವಿಹಾರವು ಎಷ್ಟೋ ವೇಳೆ ಸಾರ್ಥವಾಹರ ದಾರಿಗಳಲ್ಲೇ ಸಾಗುತ್ತಿತ್ತು. ಅಂಗಡಿಯ ಮಾತಿನ ಧಾಟಿ ಅವರಿಗೆ ಅಪರಿಚಿತವಾಗಿರಲಿಲ್ಲ.

ಈಗ ಉದ್ದ್ಯೋತನಸೂರಿಯ ‘ಕುವಲಯಮಾಲಾ’ಕ್ಕೆ ಬರೋಣ. ಪ್ರಧಾನವಾಗಿ ಮಾಹಾರಾಷ್ಟ್ರೀ ಪ್ರಾಕೃತದಲ್ಲಿರುವ ಈ ಚಂಪೂರೂಪದ ಕೃತಿ ಕ್ರಿ.ಶ. 779ರಲ್ಲಿ, ಇಂದಿನ ರಾಜಸ್ಥಾನದ ಜಾಲೋರಿನಲ್ಲಿ ಮುಗಿಯಿತು. ಶಕವರ್ಷ 700 ತುಂಬಲು ಇನ್ನೊಂದೇ ದಿನ ಉಳಿದಿತ್ತೆಂದು ಕವಿಯೇ ಹೇಳಿಕೊಂಡಿರುವುದರಿಂದ, ಪ್ರಾಚೀನ ಭಾರತದ ಕೃತಿಗಳಲ್ಲಿ ಇಷ್ಟು ಖಚಿತವಾದ ಕಾಲನಿರ್ದೇಶವುಳ್ಳವು ವಿರಳವೆನ್ನಬೇಕು. ಇದರ ಶಾಸ್ತ್ರೀಯ ಸಂಪಾದನೆಯನ್ನು ಮಾಡಿದವರು ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ.ನೇ. ಉಪಾಧ್ಯೆ ಅವರು. ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಇದರ ಮೊದಲ ಭಾಗವು 1959ರಲ್ಲಿಯೂ ಎರಡನೆಯದು 1970ರಲ್ಲಿಯೂ ಹೊರಬಂದವು. ಈ ಕೃತಿಯ ವಿಜಯಪುರದ ಪೇಟೆಯಲ್ಲಿ ನಾನಾ ದೇಶಗಳ ವರ್ತಕರು ತಂತಮ್ಮ ನುಡಿಯಲ್ಲಿ ಮಾತಾಡುವ ಪ್ರಸಂಗವಿದ್ದು, ಆ ಗುಂಪಿನಲ್ಲಿ ಕರ್ಣಾಟಕದವನೂ ಇದ್ದಾನೆ. ಭಾಷಾಶಾಸ್ತ್ರಜ್ಞರು ಆ ಪ್ರಸಂಗವನ್ನು ಸಾಕಷ್ಟು ಚರ್ಚಿಸಿದ್ದಾರೆ. ನಮ್ಮ ಉದ್ದೇಶಕ್ಕೆ ಅದಕ್ಕಿಂತ ಮುಖ್ಯವಾದುದು ಸೋಪಾರದ ಸಭೆ.

ಶೂರ್ಪಾರಕವೆಂದು ಸಂಸ್ಕೃತದಲ್ಲಿ ಕರೆಯಲ್ಪಡುವ ಸೋಪಾರ ಇಂದಿನ ಮುಂಬಯಿಯ ಉತ್ತರಕ್ಕಿದೆ. ಅಶೋಕನ ಶಾಸನದ ತುಣುಕುಗಳು ದೊರೆತಿರುವ ಪುರಾತನ ರೇವುಪಟ್ಟಣವದು. ತಕ್ಷಶಿಲೆಯ ಸಮೀಪದ ಹಳ್ಳಿಯೊಂದರ ವರ್ತಕನ ಮಗ ಧನದೇವ. ಅತಿಯಾಸೆಯ ಕಾರಣದಿಂದ ಜನ ಅವನನ್ನು ಲೋಭದೇವನೆಂದೇ ಕರೆಯುತ್ತಾರೆ. ಕುದುರೆಗಳನ್ನು ಹೊಡೆದುಕೊಂಡು ದಕ್ಷಿಣಾಪಥಕ್ಕೆ ಬಂದ ಅವನು ಸೋಪಾರದಲ್ಲಿ ಭದ್ರಶ್ರೇಷ್ಠಿಯೆಂಬ ವೃದ್ಧವರ್ತಕನ ಮನೆಯಲ್ಲಿ ಇಳಿದುಕೊಂಡು, ಕುದುರೆಗಳನ್ನು ಮಾರಿ ಒಳ್ಳೆಯ ಲಾಭ ಗಳಿಸುತ್ತಾನೆ. ಹೊರಡುವ ಮುನ್ನ ಅವನಿಗೆ ಸ್ಥಳೀಯ ವರ್ತಕರ ಕೂಟದಿಂದ ಕರೆ ಬರುತ್ತದೆ. ದೇಶಾಂತರದಿಂದ ಬಂದ ವರ್ತಕನು ಆ ಸಭೆಗೆ ಹೋಗಿ, ತಾನು ಯಾವ ದೇಶದಿಂದ ಬಂದೆ, ಏನನ್ನು ತಂದೆ, ಏನನ್ನು ಗಳಿಸಿದೆ ಎಂಬುದನ್ನು ಹೇಳಬೇಕು. ಸಭೆಯವರು ಅವನಿಗೆ ಗಂಧ, ಮಾಲೆ, ತಾಂಬೂಲಗಳನ್ನಿತ್ತು ಗೌರವಿಸಬೇಕು. ಇದು ಅಲ್ಲಿನ ಹಿರಿಯರ ಕಾಲದಿಂದ ನಡೆದುಬಂದ ಸಂಪ್ರದಾಯ.

ಲೋಭದೇವನ ಮಾತು ಮುಗಿದ ಮೇಲೆ ಉಳಿದವರ ಸರದಿ. ಒಬ್ಬನು ಕೋಸಲಕ್ಕೆ ಕುದುರೆಗಳನ್ನು ಒಯ್ದು ಆನೆಮರಿಗಳನ್ನು ತಂದಿದ್ದಾನೆ. ಇನ್ನೊಬ್ಬನು ಉತ್ತರಾಪಥಕ್ಕೆ ಅಡಕೆ ಒಯ್ದು ಕುದುರೆಗಳನ್ನು ತಂದಿದ್ದಾನೆ. ಮುತ್ತುಗಳೊಡನೆ ಪೂರ್ವದೇಶಕ್ಕೆ ಹೋದವನು ಚಾಮರಗಳೊಡನೆ ಮರಳಿದ್ದಾನೆ. ದ್ವಾರಾವತಿಗೆ ಹೋದವನು ಶಂಖಗಳನ್ನು ತಂದಿದ್ದಾನೆ. ಬರ್ಬರಕೂಲಕ್ಕೆ ಬಟ್ಟೆಗಳನ್ನು ಒಯ್ದವನಿಗೆ ಆನೆದಂತವೂ ಮುತ್ತೂ ದೊರೆತಿವೆ. ಮುತ್ತುಗದ ಹೂವುಗಳೊಡನೆ ಸುವರ್ಣದ್ವೀಪಕ್ಕೆ ಹೋದವನು ಬಂಗಾರವನ್ನೂ, ಕೋಣ ಮತ್ತು ಗವಯಗಳೊಡನೆ ಚೀನ ಮಹಾಚೀನಗಳಿಗೆ ಹೋದವನು ಗಂಗಾಪಟ, ನೇತ್ರಪಟವೆಂಬ ರೇಷ್ಮೆಗಳನ್ನೂ ತಂದಿದ್ದಾರೆ. ಸ್ತ್ರೀರಾಜ್ಯಕ್ಕೆ ಗಂಡಸರನ್ನು ಒಯ್ದು ಅವರ ತೂಕದ ಹೊನ್ನು ತಂದೆನೆನ್ನುತ್ತಾನೆ ಮತ್ತೊಬ್ಬ. ಕೊನೆಯವನು ರತ್ನದ್ವೀಪಕ್ಕೆ ಬೇವಿನ ಎಲೆಗಳನ್ನು ಒಯ್ದು ರತ್ನಗಳನ್ನು ತಂದೆನೆಂದು ಹೇಳುತ್ತಾನೆ.

ಆರ್ಥಿಕ ಇತಿಹಾಸಕಾರರು ಈ ಭಾಗವನ್ನು 8ನೆಯ ಶತಮಾನದ ವಾಣಿಜ್ಯಮಾರ್ಗಗಳ ಪಟ್ಟಿಯೆಂದು ಬಳಸಿಕೊಳ್ಳುತ್ತಾರೆ. ಅದು ತಪ್ಪಲ್ಲ. ಆದರೆ ಸಾಹಿತ್ಯದ ವಿದ್ಯಾರ್ಥಿಗಳು ಅದರ ಕ್ರಮವನ್ನೂ ಗಮನಿಸಬೇಕು. ಆರಂಭದಲ್ಲಿ ಬರುವುದು ಯಾರೂ ನಂಬಬಹುದಾದ ವ್ಯವಹಾರ. ಅಡಕೆ, ಕುದುರೆ, ಶಂಖಗಳ ವಿನಿಮಯದಲ್ಲಿ ಅಚ್ಚರಿಯೇನಿಲ್ಲ. ಮುಂದೆ ಸಾಗಿದಂತೆ ದೇಶಗಳು ದೂರವಾಗುತ್ತವೆ, ಒಯ್ದ ಸರಕು ಅಗ್ಗವಾಗುತ್ತದೆ, ತಂದ ಸರಕು ಬೆಲೆಬಾಳುತ್ತದೆ. ಕೊನೆಗೆ ಬೇವಿನೆಲೆ ಮತ್ತು ರತ್ನಗಳು ಎದುರುಬದುರಾಗಿ ನಿಲ್ಲುತ್ತವೆ. ಹಿಂದಿನ ಮಾತುಗಳು ನಂಬಿಕೆಗೆ ಯೋಗ್ಯವಾಗಿದ್ದುದರಿಂದಲೇ ಕೊನೆಯ ಮಾತನ್ನೂ ಕೇಳುವವನು ನಂಬುತ್ತಾನೆ. ಇನ್ನೂ ಒಂದು ಸಂಗತಿಯಿದೆ. ಈ ಸಭೆಯಲ್ಲಿ ಹಡಗು ಮುಳುಗಿದವನೊಬ್ಬನೂ ಎದ್ದು ಮಾತಾಡುವುದಿಲ್ಲ. ಗಂಧತಾಂಬೂಲಗಳು ಸಲ್ಲುವುದು ಮರಳಿ ಬಂದವನಿಗೆ. ಮರಳದವನ ಕಥೆಗೆ ಅಲ್ಲಿ ಬಾಯಿಲ್ಲ.

ಆ ಕಥೆ ಇರುವುದು ಬೇರೆಡೆ, ಲೋಭದೇವನು ಇಳಿದುಕೊಂಡ ಮನೆಯಲ್ಲಿಯೇ. ಸಭೆಯಿಂದ ಮರಳಿದ ಅವನ ತಲೆಯಲ್ಲಿ ಬೇವಿನೆಲೆಯ ಲೆಕ್ಕಾಚಾರವೊಂದೇ ಸುಳಿಯುತ್ತಿರುತ್ತದೆ. ರತ್ನದ್ವೀಪಕ್ಕೆ ಹೋಗೋಣವೆಂದು ಅವನು ಭದ್ರಶ್ರೇಷ್ಠಿಯನ್ನು ಒತ್ತಾಯಿಸುತ್ತಾನೆ. ಹಲವು ಬಾರಿ ಹಡಗೊಡೆದು ನೊಂದಿದ್ದ ಆ ವೃದ್ಧನು, ಸಮುದ್ರವ್ಯಾಪಾರ ತನ್ನ ಹಣೆಯಲ್ಲಿ ಬರೆದಿಲ್ಲವೆಂದು ಹಿಂಜರಿಯುತ್ತಾನೆ. ಸಭೆಯಲ್ಲಿ ಕೇಳಿಸದ ನಷ್ಟದ ಕಥೆ ಹೀಗೆ ಮನೆಯೊಳಗೆ ಕೇಳಿಸುತ್ತದೆ. ಆದರೆ ಲಾಭದ ಕಥೆಯಿಂದ ತುಂಬಿಹೋದ ಕಿವಿಗೆ ಅದು ಹೊಗುವುದಿಲ್ಲ. ಕೊನೆಗೆ ಇಬ್ಬರೂ ಹಡಗೇರುತ್ತಾರೆ, ರತ್ನದ್ವೀಪವನ್ನು ಸೇರುತ್ತಾರೆ, ಸಂಪತ್ತನ್ನೂ ಗಳಿಸುತ್ತಾರೆ. ಸಭೆಯ ಕಥೆ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಹಿಂದಿರುಗುವ ದಾರಿಯಲ್ಲಿ, ಪಾಲು ಕೊಡಬೇಕಾಗುತ್ತದೆಂಬ ಒಂದೇ ಕಾರಣಕ್ಕೆ, ಲೋಭದೇವನು ತನಗೆ ಆಶ್ರಯವಿತ್ತ ವೃದ್ಧನನ್ನು ಕಡಲಿಗೆ ನೂಕುತ್ತಾನೆ. ಸತ್ತ ಭದ್ರಶ್ರೇಷ್ಠಿ ರಾಕ್ಷಸನಾಗಿ ಹುಟ್ಟಿ ಆ ಹಡಗನ್ನು ಒಡೆಯುತ್ತಾನೆ. ಲೋಭದೇವನು ತೇಲಿ ಸೇರಿದ ದ್ವೀಪದ ಜನ ಅವನ ರಕ್ತಮಾಂಸಗಳನ್ನೇ ತೆಗೆದು ಚಿನ್ನ ತಯಾರಿಸಲು ಬಳಸುತ್ತಾರೆ. ಅನ್ಯರನ್ನು ಸರಕೆಂದು ಬಗೆದವನು ತಾನೇ ಸರಕಾಗುತ್ತಾನೆ.

ಕ್ರೋಧ, ಮಾನ, ಮಾಯೆ, ಲೋಭ, ಮೋಹಗಳಿಗೆ ಒಬ್ಬೊಬ್ಬ ಪಾತ್ರವನ್ನಿಟ್ಟು ಹೆಣೆದ ಈ ಕೃತಿಯಲ್ಲಿ ಲೋಭದ ಕಥೆಗೆ ಉದ್ದ್ಯೋತನನು ಆರಿಸಿಕೊಂಡ ಪೀಠಿಕೆ ವರ್ತಕರ ಕಥನಸಭೆಯೆಂಬುದು ಆಕಸ್ಮಿಕವಲ್ಲ. ಲೋಭವು ಸಭೆಯಲ್ಲಿ ಹುಟ್ಟಲಿಲ್ಲ. ಅದು ಲೋಭದೇವನ ಹೆಸರಿನಲ್ಲೇ ಇತ್ತು. ಆದರೆ ಅದಕ್ಕೊಂದು ದಿಕ್ಕನ್ನು, ಒಂದು ದ್ವೀಪದ ಹೆಸರನ್ನು ಕೊಟ್ಟದ್ದು ಕಥೆ.

ಹಾಗಾದರೆ ವರ್ತಕನು ಕಥೆ ಹೇಳುವುದೇ ತಪ್ಪೇ? ಕರ್ನಾಟಕದ ಶಾಸನಗಳು ಈ ಪ್ರಶ್ನೆಗೆ ಬೇರೊಂದು ಮುಖವನ್ನು ತೋರಿಸುತ್ತವೆ. ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘವು ತನ್ನ ಪ್ರಶಸ್ತಿಯನ್ನು ಕಲ್ಲಿನಲ್ಲಿ ಕೆತ್ತಿಸುತ್ತಿತ್ತು. ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನವೊಂದರಲ್ಲಿ ಆ ಪ್ರಶಸ್ತಿ ಬಹು ವಿಸ್ತಾರವಾಗಿ ಬಂದಿದೆ. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ನೇಪಾಳ ಮೊದಲಾದ ದೇಶಗಳನ್ನು ನೆಲದಾರಿ ಜಲದಾರಿಗಳಲ್ಲಿ ಸುತ್ತುವವರು ತಾವೆಂದು ಅವರು ಹೇಳಿಕೊಳ್ಳುತ್ತಾರೆ. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳ ಪಟ್ಟಿ ಕೊಡುತ್ತಾರೆ. ಸಗಟಾಗಿಯೂ ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುವುದನ್ನು, ಸುಂಕ ನಷ್ಟವಾಗದಂತೆ ಅರಸನ ಭಂಡಾರವನ್ನು ತುಂಬಿಸುವುದನ್ನು, ಉಳಿದುದರಲ್ಲಿ ಪಂಡಿತರಿಗೂ ಮುನಿಗಳಿಗೂ ದಾನ ಮಾಡುವುದನ್ನು ಹೆಮ್ಮೆಯಿಂದ ಸಾರುತ್ತಾರೆ. ಸತ್ಯ, ಶೌಚ, ಸದಾಚಾರಗಳು ತಮ್ಮ ಭೂಷಣಗಳೆಂಬುದು ಈ ಸಂಘದ ಪ್ರಶಸ್ತಿಗಳ ವಾಡಿಕೆಯ ಮಾತು. ಇಂದಿನ ನುಡಿಯಲ್ಲಿ ಹೇಳುವುದಾದರೆ ಇದು ಒಂದು ಬ್ರ್ಯಾಂಡಿನ ಕಥೆ. ಸುಮಾತ್ರದ ಬಾರುಸ್ ಬಳಿ ದೊರೆತ ಕ್ರಿ.ಶ. 1088ರ ತಮಿಳು ಶಾಸನದಲ್ಲಿ ಐನೂರ್ವರ ಉಲ್ಲೇಖವಿರುವುದನ್ನು ನೋಡಿದರೆ ಆ ಹೆಸರು ಎಷ್ಟು ದೂರ ಚಲಾವಣೆಯಲ್ಲಿತ್ತೆಂಬುದು ತಿಳಿಯುತ್ತದೆ.

ಪ್ರಶಸ್ತಿಯಲ್ಲಿ ಉತ್ಪ್ರೇಕ್ಷೆಯಿದೆ, ಅದನ್ನು ಯಥಾವತ್ ಇತಿಹಾಸವೆಂದು ಯಾರೂ ಓದಲಾರರು. ಆದರೂ ಸೋಪಾರದ ಮಾತಿಗೂ ಈ ಬರಹಕ್ಕೂ ಒಂದು ಅಂತರವಿದೆ. ಐನೂರ್ವರ ಪ್ರಶಸ್ತಿ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ಅದರ ಬೆನ್ನಿಗೆ ದತ್ತಿಯೊಂದು ಇರುತ್ತದೆ. ಇಂತಿಂಥ ಸರಕಿನ ಮೇಲೆ ಇಷ್ಟಿಷ್ಟನ್ನು ದೇಗುಲಕ್ಕೋ ಬಸದಿಗೋ ಸಲ್ಲಿಸುತ್ತೇವೆಂಬ ಕರಾರು ಅದು. ತೇರದಾಳದ ನೇಮಿನಾಥ ಬಸದಿಗೆ ಸಂಬಂಧಿಸಿದ 12ನೆಯ ಶತಮಾನದ ಶಾಸನದಲ್ಲಿಯೂ ವೀರಬಣಂಜು ವರ್ತಕರು ದತ್ತಿ ನೀಡುವವರಾಗಿ ಕಾಣಿಸಿಕೊಳ್ಳುತ್ತಾರೆ. ತಾನು ಸತ್ಯವಂತನೆಂದು ಊರ ನಡುವೆ ಕಲ್ಲು ನೆಟ್ಟು ಹೇಳಿಕೊಂಡವನು ಆ ಕಲ್ಲಿನ ಎದುರಿಗೇ ಅಂಗಡಿ ತೆರೆಯಬೇಕು. ಅಲ್ಲಿ ಕಥೆಯು ಹೇಳಿದವನನ್ನೂ ಕಟ್ಟಿಹಾಕುತ್ತದೆ.

ಇದೇ ವಿವೇಕವನ್ನು ಶ್ರಾವಕಾಚಾರಗಳು ನಿಯಮವಾಗಿ ರೂಪಿಸಿವೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕೊಳ್ಳುವಾಗಲೂ ಮಾರುವಾಗಲೂ ಬೇರೆ ಬೇರೆ ತೂಕ ಅಳತೆಗಳನ್ನು ಬಳಸುವುದು ಹಾಗೂ ಅಸಲಿನ ಬದಲು ನಕಲಿಯನ್ನು ಕೊಡುವ ಪ್ರತಿರೂಪಕವ್ಯವಹಾರ ಸೇರಿವೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ, ಎಂದರೆ ಕೇಳುವವನನ್ನು ದಾರಿತಪ್ಪಿಸುವ ಮಾತು. ತಕ್ಕಡಿಯ ಮೋಸವನ್ನೂ ಮಾತಿನ ಮೋಸವನ್ನೂ ಗೃಹಸ್ಥನು ಏಕಪ್ರಕಾರವಾಗಿ ದೂರವಿಡಬೇಕೆಂಬುದು ಇದರ ತಾತ್ಪರ್ಯ.

ಸರಕಿನ ಪೂರ್ತಿ ಬೆಲೆಯನ್ನು ಹೇಳುವ ಕಥೆ ಹೇಗಿರುತ್ತದೆ? ಕ್ರಿ.ಶ. 783ರ ಜಿನಸೇನನ ‘ಹರಿವಂಶಪುರಾಣ’ದಲ್ಲಿ ಬರುವ ಚಾರುದತ್ತನ ವೃತ್ತಾಂತ ಇದಕ್ಕೆ ನಿದರ್ಶನ. ಧನಾರ್ಜನೆಗೆಂದು ಹೊರಟವರು ಆಡುಗಳನ್ನೇರಿ ಇಕ್ಕಟ್ಟಾದ ಬೆಟ್ಟದ ದಾರಿಯನ್ನು ದಾಟುತ್ತಾರೆ. ಮುಂದೆ ಆ ಆಡುಗಳನ್ನೇ ಕೊಂದು, ಅವುಗಳ ತೊಗಲಿನೊಳಗೆ ಅಡಗಿ, ಮಾಂಸವೆಂದು ಭ್ರಮಿಸಿದ ಭೇರುಂಡಪಕ್ಷಿಗಳಿಂದ ದ್ವೀಪಕ್ಕೆ ಒಯ್ಯಿಸಿಕೊಳ್ಳುವುದು ಅವರ ಉಪಾಯ. ಸಾಹಸದ ರೋಚಕತೆಗೆ ಇಷ್ಟೇ ಸಾಕಾಗಿತ್ತು. ಆದರೆ ಕವಿಯು ಕಥೆಯನ್ನು ಆಡಿನ ಬಳಿ ನಿಲ್ಲಿಸುತ್ತಾನೆ. ತಡೆಯಲಾಗದ ಚಾರುದತ್ತನು ಸಾಯುತ್ತಿರುವ ಪ್ರಾಣಿಗೆ ಪಂಚನಮಸ್ಕಾರವನ್ನು ಕೇಳಿಸುತ್ತಾನೆ. ಅದು ದೇವನಾಗಿ ಹುಟ್ಟಿ ಮುಂದೆ ಅವನನ್ನು ಬಂದು ವಂದಿಸುತ್ತದೆ. ದೂರದೇಶದ ಸಂಪತ್ತಿಗೆ ಯಾರು ಬೆಲೆ ತೆತ್ತರೆಂಬುದು ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ, ಧರ್ಮಕಥೆಯಲ್ಲಿ ಬರುತ್ತದೆ.

ಹೀಗೆಂದ ಮಾತ್ರಕ್ಕೆ ಜೈನಕಥಾಕಾರರು ಆಕರ್ಷಣೆಯನ್ನು ತೊರೆದವರೆಂದು ಭಾವಿಸಬಾರದು. ಧರ್ಮಕಥೆಯನ್ನು ಅವರು ಆಕ್ಷೇಪಣೀ, ವಿಕ್ಷೇಪಣೀ, ಸಂವೇಗಜನನೀ, ನಿರ್ವೇದಜನನೀ ಎಂದು ನಾಲ್ಕಾಗಿ ವಿಭಾಗಿಸಿದ್ದಾರೆ. ಆಕ್ಷೇಪಣಿಯು ಕೇಳುವವನ ಮನಸ್ಸನ್ನು ಸೆಳೆಯುತ್ತದೆ, ವಿಕ್ಷೇಪಣಿಯು ತಪ್ಪುದಾರಿಯಿಂದ ತಿರುಗಿಸುತ್ತದೆ, ಮೂರನೆಯದು ಮೋಕ್ಷಾಭಿಲಾಷೆಯನ್ನೂ ನಾಲ್ಕನೆಯದು ವೈರಾಗ್ಯವನ್ನೂ ಉಂಟುಮಾಡುತ್ತದೆ. ‘ವಸುದೇವಹಿಂಡಿ’ಯ ಮಧ್ಯಮಖಂಡವನ್ನು ರಚಿಸಿದ ಧರ್ಮಸೇನಗಣಿಯು, ಔಷಧ ಬೇಡವೆನ್ನುವ ರೋಗಿಗೆ ಅವನ ಇಷ್ಟದ ಪಾನೀಯದ ನೆಪದಲ್ಲಿ ಮದ್ದು ಕುಡಿಸುವ ವೈದ್ಯನಿಗೆ ಕಥೆಗಾರನನ್ನು ಹೋಲಿಸುತ್ತಾನೆ. ಕೇಳುಗನನ್ನು ಒಲಿಸಿಕೊಳ್ಳುವ ಉಪಾಯದಲ್ಲಿ ಮುನಿಯೂ ವರ್ತಕನೂ ಒಂದೇ ವಿದ್ಯೆಯನ್ನು ಕಲಿತವರು. ವೈದ್ಯನು ಸಿಹಿಯ ಒಳಗೆ ಏನನ್ನಿಟ್ಟಿದ್ದಾನೆ, ಕುಡಿದವನಿಗೆ ಮುಂದೆ ಏನಾಗುತ್ತದೆ ಎಂಬಲ್ಲಿ ಅವರ ದಾರಿಗಳು ಕವಲೊಡೆಯುತ್ತವೆ.

ಮಾರಾಟದ ಕಥೆ ಆಕ್ಷೇಪಣಿಯಲ್ಲಿ ತೊಡಗಿ ಆಕ್ಷೇಪಣಿಯಲ್ಲೇ ಮುಗಿಯುತ್ತದೆ. ರತ್ನ ಕೈಸೇರಿದಲ್ಲಿಗೆ ಅದಕ್ಕೆ ಮಂಗಳ. ಉದ್ದ್ಯೋತನಸೂರಿಯು ಅದೇ ಕಥೆಯನ್ನು ಎತ್ತಿಕೊಂಡು, ಹಡಗನ್ನು ರತ್ನದ್ವೀಪದಿಂದ ಹಿಂದಿರುಗುವ ದಾರಿಯಲ್ಲೂ ಹಿಂಬಾಲಿಸಿದನು. ಸೋಪಾರದ ಸಭೆಯನ್ನು ವಾಣಿಜ್ಯದ ಇತಿಹಾಸಕ್ಕೆ ಆಕರವಾಗಿ ಬಳಸುವ ಸಂಶೋಧಕರು ಆ ಪಟ್ಟಿಯನ್ನಷ್ಟೇ ಕಿತ್ತು ತೆಗೆಯದೆ, ಸಭೆಯ ಹಿಂದಿನ ಮನೆಯಲ್ಲಿ ಕುಳಿತ ಭದ್ರಶ್ರೇಷ್ಠಿಯ ಮಾತನ್ನೂ ಜೊತೆಗೆ ಓದಬೇಕು. ಆಗ ಮಾತ್ರ ಕವಿಯು ಹೇಳಹೊರಟ ಅರ್ಥಕಥೆ ಪೂರ್ಣವಾಗುತ್ತದೆ.