ಕ್ರೈಸ್ತ ಸೇವಾಕಾರ್ಯ: ಸಂತೆಕಟ್ಟೆ, ಕಲ್ಯಾಣಪುರ, ಬ್ರಹ್ಮಾವರ

ರೋಗಿಗಳು, ಅನಾಥರು, ಹಸಿದವರ ಆರೈಕೆಯನ್ನು ವಿಶ್ವಾಸದ ಭಾಗವೆಂದೇ ತಿಳಿದು, ಪ್ರತಿಫಲ ಬಯಸದೆ ನಡೆಸುವ ಕೆಲಸ. ಉಡುಪಿಯಿಂದ ಬ್ರಹ್ಮಾವರದವರೆಗಿನ ಹೆದ್ದಾರಿಯ ಆಸುಪಾಸಿನಲ್ಲೇ ಇದಕ್ಕೆ ಮೂರು ಧಾರೆಗಳಿವೆ: ಕೆಥೋಲಿಕ, ಸುರಿಯಾನಿ ಆರ್ಥೊಡಾಕ್ಸ್, ಪ್ರೊಟೆಸ್ಟಂಟ್. ಮೂರೂ ಸಭೆಗಳು ತಂತಮ್ಮ ಚರಿತ್ರೆಯನ್ನು ಬೇರೆಬೇರೆಯಾಗಿ ಬರೆದುಕೊಂಡಿವೆ. ಹೀಗಾಗಿ ಒಂದರ ಸೇವೆ ಇನ್ನೊಂದರ ಪುಸ್ತಕದಲ್ಲಿ ಸಿಗುವುದು ಅಪರೂಪ. ಹೆಚ್ಚು ಅನ್ಯಾಯವಾಗಿರುವುದು ಬ್ರಹ್ಮಾವರಕ್ಕೆ.

ಗೋವೆಯ ಪಾದ್ರಿ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕೆನರಾದಲ್ಲಿದ್ದರು. ಪೋರ್ಚುಗಲ್ಲಿನ ಪದ್ರೊವಾದೊ ಅಧಿಕಾರಕ್ಕೂ ರೋಮಿನ ಪ್ರೊಪಗಾಂಡ ಅಧಿಕಾರಕ್ಕೂ ಆಗ ಇಲ್ಲಿ ತಿಕ್ಕಾಟವಿತ್ತು. ಅದನ್ನು ಶಮನಗೊಳಿಸುತ್ತಲೇ ಅವರು ಊರೂರು ಸುತ್ತಿದರು. ಮುಂದೆ ಶ್ರೀಲಂಕೆಗೆ ಹೋದ ಅವರು 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ, ಮನೆಯವರೇ ಬಿಟ್ಟುಹೋದ ರೋಗಿಗಳನ್ನು ನೋಡಿಕೊಂಡರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಎರಡು ಶತಮಾನಗಳ ಬಳಿಕ ಅದೇ ತಿಕ್ಕಾಟ ಮತ್ತೆ ಸಿಡಿಯಿತು. ಪೋರ್ಚುಗಲ್ಲಿಗೂ ರೋಮಿಗೂ ನಡುವಿನ 1886ರ ಒಪ್ಪಂದದಿಂದ ಪದ್ರೊವಾದೊ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತಕ್ಕೆ ಸೇರಬೇಕಾಗಿ ಬಂದಾಗ ಬ್ರಹ್ಮಾವರ ಭಾಗದ ಕೊಂಕಣಿ ಕುಟುಂಬಗಳು ಒಪ್ಪಲಿಲ್ಲ. ಗೋವೆಯ ಪಾದ್ರಿ ಆಂತೊನಿಯೊ ಫ್ರಾನ್ಸಿಸ್ಕೊ ಷಾವಿಯೆರ್ ಆಲ್ವಾರಿಸ್ ಕೇರಳದ ಸುರಿಯಾನಿ ಆರ್ಥೊಡಾಕ್ಸ್ ಕ್ರೈಸ್ತರ ಮಲಂಕರ ಸಭೆಗೆ ಸೇರಿ, 1889ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪರಾದರು. ಈ ಕುಟುಂಬಗಳು ಅವರನ್ನು ಹಿಂಬಾಲಿಸಿದವು. ಕೆಥೋಲಿಕ ಬರಹಗಳಿಗೆ ಇದು ಒಡಕು, ಸುರಿಯಾನಿ ಬರಹಗಳಿಗೆ ಬಿಡುಗಡೆ. ಈ ವಾದದ ಭರದಲ್ಲಿ ಆಲ್ವಾರಿಸರ ನಿಜವಾದ ದುಡಿಮೆ ಮರೆಯಾಯಿತು. ಕಾಲರಾ ಬಂದಾಗ ಅವರು ರೋಗಿಗಳ ನಡುವೆ ಓಡಾಡಿದ್ದಲ್ಲದೆ ಚಿಕಿತ್ಸೆಯ ಬಗ್ಗೆ ಕಿರುಹೊತ್ತಗೆಯನ್ನೂ ಬರೆದರು. ಅಕ್ಕಿಗೆ ಬರ ಬಂದರೆ ಬಡವರ ಹೊಟ್ಟೆ ತುಂಬಲೆಂದು ಮರಗೆಣಸು ಬೆಳೆಯಿರಿ ಎಂದು ಪ್ರಚಾರ ಮಾಡಿದರು. ಪಣಜಿಯಲ್ಲಿ ಬೇಡಿ ತಂದು ದಿಕ್ಕಿಲ್ಲದವರನ್ನು ಸಾಕಿದರು. ಪೋರ್ಚುಗೀಸ್ ಆಡಳಿತ ಅವರನ್ನು ಬಂಧಿಸಿತು, ಕೆಥೋಲಿಕ ಸಭೆ ಬಹಿಷ್ಕರಿಸಿತು. 1923ರ ಸೆಪ್ಟೆಂಬರ್ 23ರಂದು ಗೋವೆಯ ರಿಬಂದರ್ ಆಸ್ಪತ್ರೆಯಲ್ಲಿ ಆಮಶಂಕೆಯಿಂದ ತೀರಿಕೊಂಡರು. ಬ್ರಹ್ಮಾವರದಲ್ಲಿ ಅವರ ಕೆಲಸವನ್ನು ಮುಂದುವರಿಸಿದವರು ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ. 1936ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲೇ ಉಳಿದರು, ಶಾಲೆ ತೆರೆದು ಮಕ್ಕಳಿಗೆ ಓದು ಕಲಿಸಿದರು. ಪ್ರದೇಶದ ಸೇವಾಚರಿತ್ರೆಯಲ್ಲಿ ಈ ಇಬ್ಬರಿಗೆ ಮೊದಲ ಸಾಲಿನ ಸ್ಥಾನ ಸಲ್ಲಬೇಕು.

ಇತ್ತ ಕೆಥೋಲಿಕ ಧಾರೆಯಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಔಷಧಿ ಕೊಡತೊಡಗಿದ್ದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದು ಎಲ್ಲರಿಗೂ ತಿಳಿದ ಸಂಗತಿ.

ಆದರೆ ಪ್ರೊಟೆಸ್ಟಂಟರ ಉಡುಪಿಯ ಮಿಷನ್ ಆಸ್ಪತ್ರೆಯ ವಿಚಾರದಲ್ಲಿ ಗೊಂದಲವಿದೆ. ಅದನ್ನು ಬಾಸೆಲ್ ಮಿಷನ್ನಿನ ಕೊಡುಗೆಯೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು. ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದದ್ದು ನಿಜ. ಆದರೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಅದರ ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟು ದೇಶದಿಂದ ಹೊರಹಾಕಿತು. ಹೆಂಚು, ನೇಯ್ಗೆ ಕಾರ್ಖಾನೆಗಳೂ ಕೈತಪ್ಪಿದವು. ಆ ತೆರವಿನಲ್ಲಿ ಸ್ವಿಸ್ ಕ್ರೈಸ್ತರು ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ಹೆಸರಿನಲ್ಲಿ ಕೆಲಸ ಕೈಗೆತ್ತಿಕೊಂಡರು. ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದದ್ದು ಈ ಕಾಲಘಟ್ಟದಲ್ಲಿ. ಗಂಡಸು ಡಾಕ್ಟರರ ಮುಂದೆ ಬರಲು ಹಿಂಜರಿದು, ಹೆರಿಗೆಯಲ್ಲಿ ತೊಡಕಾದರೂ ಮನೆಯಲ್ಲೇ ನರಳುತ್ತಿದ್ದ ಹೆಂಗಸರಿಗೆ ಹೆಣ್ಣು ಡಾಕ್ಟರೊಬ್ಬರು ಹತ್ತಿರದಲ್ಲೇ ಸಿಕ್ಕರು. ಮುಂದೆ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಸಭೆಗೆ ಸೇರಿದ ಆಸ್ಪತ್ರೆಗೆ ಅವರದೇ ಹೆಸರಿದೆ. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಚಿಕಿತ್ಸೆಯ ಚಿತ್ರವೇ ಬದಲಾದರೂ ಊರವರ ಬಾಯಲ್ಲಿ ಇದು ಇಂದಿಗೂ ‘ಮಿಷನ್ ಆಸ್ಪತ್ರೆ’.

ಸಂತೆಕಟ್ಟೆಯ ಗೊರೆಟ್ಟಿ ಆಸ್ಪತ್ರೆಗೆ 1950ರಲ್ಲಿ ಸಂತಳೆಂದು ಘೋಷಿತಳಾದ ಇಟಲಿಯ ಬಾಲೆ ಮರಿಯಾ ಗೊರೆಟ್ಟಿಯ ಹೆಸರಿದೆ. ಆಸ್ಪತ್ರೆಗಳಾಚೆಗಿನ ಸೇವೆ ಬಹಳ ಮಟ್ಟಿಗೆ ಇಗರ್ಜಿಗಳ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಗಳದು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಒಜಾನಾಮ್ ಮತ್ತು ಗೆಳೆಯರು ಆರಂಭಿಸಿದ ಈ ಸಭೆಯಲ್ಲಿ, ಸಭೆ ಸೇರಿದಾಗಲೆಲ್ಲ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂದು ಇನ್ನೊಬ್ಬರಿಗೆ ತಿಳಿಯದು. ಸದಸ್ಯರು ಬಡವರ ಮನೆಗೆ ತಾವೇ ಹೋಗುತ್ತಾರೆ, ನೆರವನ್ನು ಮತ್ತೊಬ್ಬರ ಕೈಯಲ್ಲಿ ಕಳಿಸುವ ಪದ್ಧತಿಯಿಲ್ಲ.

ಆಡಳಿತದ ಗಡಿಗಳು ಇತ್ತೀಚೆಗೆ ಮತ್ತೆ ಬದಲಾಗಿವೆ. ಮಲಂಕರ ಸಭೆ 2010ರಲ್ಲಿ ಬ್ರಹ್ಮಾವರಕ್ಕೆ ಪ್ರತ್ಯೇಕ ಧರ್ಮಪ್ರಾಂತ ಕೊಟ್ಟಿತು. 2012ರಲ್ಲಿ ಉಡುಪಿ ಕೆಥೋಲಿಕ ಧರ್ಮಪ್ರಾಂತ ರಚನೆಯಾಗಿ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಅದರ ಪ್ರಧಾನಾಲಯವಾಯಿತು.