ನೀರಿದ್ದೂ ಬಾಡುವ ಪೈರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ನಮಗೆ ಎರೆಹೊಲ, ಹಿಂಗಾರಿ ಜೋಳ, ಬರಗಾಲಗಳೇ ನೆನಪಾಗುವುವು. 1964ರಲ್ಲಿ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಕಾಲಕ್ರಮದಲ್ಲಿ ಕಾಲುವೆಗಳು ಬಂದುವು. ಅವುಗಳ ಹಿಂದೆಯೇ ಅಚ್ಚುಕಟ್ಟಿನ ಕೆಲವೆಡೆ ಸವುಳೂ ಬಂದಿತು. ಎರೆಮಣ್ಣು ನೀರನ್ನು ಸುಲಭವಾಗಿ ಬಸಿಯಗೊಡದು. ನಿಂತ ನೀರಿನಲ್ಲಿ ನೆಲದ ಉಪ್ಪು ಕರಗಿ ಮೇಲೇರುವುದು; ಬಿಸಿಲು ನೀರನ್ನು ಒಯ್ದು ಉಪ್ಪನ್ನು ಉಳಿಸುವುದು. ಆಗ ಹಸಿ ನೆಲದಲ್ಲಿಯೇ ಪೈರು ಬಾಡುವುದು.

ಈ ವೈಪರೀತ್ಯದ ಮರ್ಮದ ಮೊದಲ ಎಳೆ ದೊರೆತುದು ಹೊಲದಲ್ಲಲ್ಲ, ಫ್ರಾನ್ಸ್ ದೇಶದಲ್ಲಿ. 1748ರಲ್ಲಿ ನೊಲೆ ಎಂಬ ಪಾದ್ರಿಯು ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟನು. ನೀರು ಒಳಹೊಕ್ಕು ಪೊರೆಯು ಉಬ್ಬಿತು. 1877ರಲ್ಲಿ ಜರ್ಮನಿಯ ಫೆಫರನು, ನೀರನ್ನು ಬಿಟ್ಟು ಸಕ್ಕರೆಯನ್ನು ತಡೆಯುವ ಪೊರೆಯೊಂದನ್ನು ಮಣ್ಣಿನ ಕುಡಿಕೆಯಲ್ಲಿ ಮೂಡಿಸಿ, ಒಳನುಗ್ಗುವ ನೀರಿನ ಒತ್ತಡವನ್ನು ಅಳೆದನು. ಇದನ್ನೇ ಅಭಿಸರಣೆ ಎನ್ನುವೆವು. ಬೇರಿನ ಒಂದೊಂದು ಜೀವಕೋಶವೂ ಇಂತಹ ಕುಡಿಕೆಯೇ. ಒಳಗಿನ ರಸವು ಹೊರಗಿನದಕ್ಕಿಂತ ಸಾಂದ್ರವಾಗಿರುವ ತನಕ ನೀರು ಒಳಬರುವುದು. ಹೊರಗೆ ಉಪ್ಪು ಹೆಚ್ಚಿತೆಂದರೆ ಒಳಗಿನ ನೀರೇ ಹೊರಗೆ ಹರಿಯುವುದು. ನಿಂಬೆಗೆ ಹೆಸರಾದ ಇಂಡಿಯ ಗೃಹಿಣಿಯರಿಗೆ ಇದು ಹೊಸತಲ್ಲ. ಉಪ್ಪು ಬೆರೆಸಿಟ್ಟ ನಿಂಬೆಹೋಳು ತಾನಾಗಿ ನೀರೊಡೆಯುವುದನ್ನು ಅವರು ಎಂದಿನಿಂದಲೂ ಕಂಡವರು.

ಪೊರೆಯಲ್ಲಿ ನೀರಿಗೆಂದೇ ಇರುವ ಸೂಕ್ಷ್ಮ ದ್ವಾರಗಳನ್ನು ಗುರುತಿಸಿದ ಪೀಟರ್ ಆಗ್ರೆಯವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ದ್ವಾರವಿದ್ದ ಮಾತ್ರಕ್ಕೆ ಪೈರು ಬದುಕದು. ಸವುಳು ಹೊಲಕ್ಕೆ ಮತ್ತಷ್ಟು ನೀರು ಹಾಯಿಸುವುದಕ್ಕೆ ಮೊದಲು ಬಸಿಗಾಲುವೆಯನ್ನು ತೋಡಬೇಕು. ಬಳಿಕ ಹಾಯಿಸಿದ ಸಿಹಿನೀರು ಉಪ್ಪನ್ನು ಕರಗಿಸಿಕೊಂಡು ಹೊಲದಾಚೆಗೆ ಹೋಗುವುದು.